ಚಿನ್ನು ಇನ್ನು ಉಳಿಯಲ್ವಾ, ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟ. ಮನೆಯವರು ರೇಷ್ಮೆ ರೀಲಿಂಗ್ ಮಾಡುತ್ತಾರೆ. ಮಗಳ ಮೂರನೇ ಹುಟ್ಟುಹಬ್ಬಕ್ಕೆ ತಂದ ಗೋಲ್ಡ್ ಫಿಶ್ ಒಂದಿದೆ. ಹೆಸರು ಚಿನ್ನು. ಮಗಳಿಗೆ ಈಗ ಒಂಬತ್ತು ವರ್ಷ, ಮಗನಿಗೆ ಐದು. ಮೂರು ವಾರದಿಂದ ಚಿನ್ನುವಿನ ಹೊಟ್ಟೆ ಊದುತ್ತಿದೆ. ಐದು ದಿನದಿಂದ ಹುರುಪೆಗಳೆಲ್ಲ ಎದ್ದು ನಿಂತು, ಮೇಲಿನಿಂದ ನೋಡಿದರೆ ಹಲಸಿನಕಾಯಿ ಸಿಪ್ಪೆ ಥರ ಕಾಣುತ್ತೆ. ಊಟ ಬಿಟ್ಟಿದೆ. ತಳದಲ್ಲಿ ಒಂದು ಮಗ್ಗುಲಾಗಿ ಮಲಗಿರುತ್ತೆ. ಎರಡು ಅಡಿ ಟ್ಯಾಂಕು, ಪ್ರತಿ ಭಾನುವಾರ ಪೂರ್ತಿ ಖಾಲಿ ಮಾಡಿ ತೊಳೆಯುತ್ತೇವೆ. ಬೋರ್ ನೀರು ಗಡಸು ಅಂತ ಎರಡು ತಿಂಗಳಿಂದ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಹಾಕುತ್ತಿದ್ದೇವೆ. ಊಟಕ್ಕೆ ಅಂಗಡಿಯ ಕಾಳು, ಜೊತೆಗೆ ನಮ್ಮಲ್ಲೇ ಸಿಗುವ ಒಣಗಿದ ಗೂಡಿನ ಹುಳ. ಅಂಗಡಿಯವರು ಕ್ಯಾಪ್ಸೂಲ್ ಒಡೆದು ಹಾಕಲು ಹೇಳಿದರು, ಹಾಕಿದೆವು, ಏನೂ ಆಗಲಿಲ್ಲ. ಈಗ ‘ಬಿಸಾಕಿ ಹೊಸದು ತಗೊಳ್ಳಿ’ ಅನ್ನುತ್ತಾರೆ. ನಮ್ಮಣ್ಣ ಫ್ರೀಜರಿನಲ್ಲಿಡು ಅಂತಾನೆ. ಅತ್ತೆಯವರು ಕೆರೆಗೆ ಬಿಟ್ಟು ಬನ್ನಿ, ಕೊಂದ ಪಾಪ ಬೇಡ ಅಂತಾರೆ. ಮನೆಗೆ ಬರಬೇಕಿದ್ದ ಕಂಟಕ ಮೀನಿಗೆ ಹೋಯಿತು ಅಂತಲೂ ಹೇಳುತ್ತಾರೆ. ನಮ್ಮಿಂದ ಏನಾದರೂ ತಪ್ಪಾಯಿತಾ? ಅದಕ್ಕೆ ನೋವಾಗುತ್ತಿದೆಯಾ? ನಾವೇ ಮುಗಿಸಿಬಿಡುವುದು ಸರಿಯಾ? ಮಕ್ಕಳಿಗೆ ಏನು ಹೇಳಲಿ? ಮೊನ್ನೆ ಮಗಳು ಕೇಳಿದಳು, ‘ಅಮ್ಮಾ, ಗೂಡು ಬೇಯಿಸುವಾಗ ಒಳಗಿರೋ ಹುಳಕ್ಕೂ ಹೀಗೇ ನೋವಾಗತ್ತಾ?’ ಅಂತ. ಏನು ಹೇಳಬೇಕೋ ತಿಳಿಯಲಿಲ್ಲ. ಟ್ಯಾಂಕಿನಲ್ಲಿ ಇನ್ನೊಂದು ಚಿಕ್ಕ ಗೋಲ್ಡ್ ಫಿಶ್ ಕೂಡ ಇದೆ.

ಉತ್ತರ: ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಚಿನ್ನು ಉಳಿಯುವ ಸಾಧ್ಯತೆ ತುಂಬಾ ಕಡಿಮೆ. ಹೊಟ್ಟೆ ಮಾತ್ರ ಊದಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ. ಗೋಲ್ಡ್ ಫಿಶ್‌ಗೆ ಮಲಬದ್ಧತೆಯಿಂದಲೂ ಹೊಟ್ಟೆ ಊದುತ್ತದೆ, ಹೆಣ್ಣಾದರೆ ಮೊಟ್ಟೆ ತುಂಬಿಯೂ ಊದುತ್ತದೆ. ಅಂಥವು ಎಷ್ಟೋ ಸಲ ಸರಿಹೋಗುತ್ತವೆ. ಮೈತುಂಬ ಹುರುಪೆ ಎದ್ದು ನಿಂತಿದೆ, ಊಟ ಬಿಟ್ಟಿದೆ, ಮಗ್ಗುಲಾಗಿ ಬಿದ್ದಿದೆ ಅಂದರೆ ಕಥೆ ಬೇರೆ. ಇದಕ್ಕೆ ಡ್ರಾಪ್ಸಿ ಅನ್ನುತ್ತಾರೆ. ಡ್ರಾಪ್ಸಿ ಅನ್ನುವುದು ಒಂದು ರೋಗವಲ್ಲ, ಒಳಗೆ ಏನೋ ಕೆಟ್ಟಿದೆ ಅನ್ನುವುದರ ಗುರುತು. ಹೆಚ್ಚಾಗಿ ಕೆಟ್ಟಿರುವುದು ಕಿಡ್ನಿ.

ಇದು ಹೇಗೆ ಆಗುತ್ತದೆ ಅಂತ ತಿಳಿದರೆ ನಿಮ್ಮ ಮೊದಲನೇ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕ ಹಾಗೆ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ. ಹಾಗಾಗಿ ಹೊರಗಿನ ನೀರು ಕಿವಿರಿನ ಮೂಲಕ ಹಗಲು ರಾತ್ರಿ ಒಳಗೆ ನುಗ್ಗುತ್ತಲೇ ಇರುತ್ತದೆ. ಅದನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು. ಕಿಡ್ನಿ ಸೋತರೆ ನೀರು ಒಳಗೇ ನಿಲ್ಲುತ್ತದೆ. ಮೊದಲು ಹೊಟ್ಟೆಯಲ್ಲಿ, ಆಮೇಲೆ ಹುರುಪೆಗಳ ಬುಡದಲ್ಲಿ. ಹುರುಪೆ ಏಳುವುದು ಅದಕ್ಕೇ. ಅಷ್ಟು ಹೊತ್ತಿಗೆ ಕಿಡ್ನಿ ಬಹುಪಾಲು ಹೋಗಿರುತ್ತದೆ.

ಕಿಡ್ನಿ ಯಾಕೆ ಸೋಲುತ್ತದೆ? ಏರೋಮೋನಾಸ್ ಥರದ ಬ್ಯಾಕ್ಟೀರಿಯಾ ಸಾಮಾನ್ಯ ಕಾರಣ. ಅವು ಎಲ್ಲ ಟ್ಯಾಂಕಿನಲ್ಲೂ ಇರುತ್ತವೆ, ಮೀನು ಗಟ್ಟಿಯಾಗಿರುವವರೆಗೆ ಸುಮ್ಮನಿರುತ್ತವೆ. ಗಡ್ಡೆಯಿಂದಲೂ ಆಗುತ್ತದೆ. ಕಿಡ್ನಿಯಲ್ಲೇ ಕೂರುವ ಪರಾವಲಂಬಿಯೊಂದು ಗೋಲ್ಡ್ ಫಿಶ್‌ಗೆ ಬರುತ್ತದೆ. ಕೆಲವಕ್ಕೆ ಸುಮ್ನೆ ವಯಸ್ಸು. ಚಿನ್ನುವಿನದು ಇವುಗಳಲ್ಲಿ ಯಾವುದು ಅಂತ ಪತ್ರ ಓದಿ ಹೇಳಲಾಗದು. ಕುಯ್ದು ನೋಡಿದರೆ ಗೊತ್ತಾಗಬಹುದು, ಈಗ ಅದು ಬೇಕಾಗಿಲ್ಲ. ಆದರೆ ಮೀನನ್ನು ನಿಧಾನಕ್ಕೆ ಬಲಹೀನ ಮಾಡುವ ಮೂರು ವಿಷಯಗಳು ನಿಮ್ಮ ಪತ್ರದಲ್ಲೇ ಇವೆ. ಇನ್ನೊಂದು ಮೀನು ಅದೇ ಟ್ಯಾಂಕಿನಲ್ಲಿದೆ ಅಂದಿರಲ್ಲ, ಅದಕ್ಕಾಗಿ ಬಿಡಿಸಿ ಹೇಳಲೇಬೇಕು.

ಒಂದು, ಭಾನುವಾರದ ತೊಳೆತ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದು ನಡೆಯುತ್ತದೆ, ಅದೂ ಪ್ರೀತಿಯಿಂದಲೇ. ಮೀನಿನ ಹೊಲಸಿನಿಂದ, ಉಳಿದ ಊಟದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆ ಅಮೋನಿಯವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಪ್ರತಿ ವಾರ ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ಉಜ್ಜಿದರೆ ಅವು ನೆಲೆಯೂರುವುದೇ ಇಲ್ಲ. ಟ್ಯಾಂಕು ಫಳಫಳ ಹೊಳೆಯುತ್ತಿರುತ್ತದೆ, ನೀರಿನಲ್ಲಿ ಅಮೋನಿಯ ಏರುತ್ತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ.

ಎರಡು, ಕ್ಯಾನ್ ನೀರು. ಬೋರ್ ನೀರು ಗಡಸು, ಅದಕ್ಕೇ ಮೀನು ಸಾಯುತ್ತದೆ ಅನ್ನುವುದು ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಾನು ಜಾಸ್ತಿ ಕೇಳುವ ಮಾತು. ಗೋಲ್ಡ್ ಫಿಶ್ ಮಟ್ಟಿಗೆ ಇದು ತಲೆಕೆಳಗಾದ ಮಾತು. ಅದು ಗಡಸು ನೀರನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಪಾತ್ರೆ, ಗೀಸರ್ ಹಾಳು ಮಾಡುವ ಅದೇ ಸುಣ್ಣದ ಅಂಶ ಟ್ಯಾಂಕಿನ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏರುಪೇರಾಗದ ಹಾಗೆ ಹಿಡಿದಿಡುತ್ತದೆ. ಘಟಕದ ಆರ್‌ಒ ನೀರಿನಲ್ಲಿ ಲವಣ ಬಹುಪಾಲು ತೆಗೆದಿರುತ್ತಾರೆ. ನಮಗೆ ಕುಡಿಯಲು ಅದು ಸರಿ. ಮೀನಿಗೆ ಹಾಗಲ್ಲ. ಹೊರಗಿನ ನೀರಿನಲ್ಲಿ ಲವಣ ಕಡಿಮೆಯಾದಷ್ಟೂ ಮೈಯೊಳಗೆ ನುಗ್ಗುವ ನೀರು ಜಾಸ್ತಿ, ಕಿಡ್ನಿಗೆ ಕೆಲಸ ಜಾಸ್ತಿ. ಆಗಲೇ ಸೋಲುತ್ತಿದ್ದ ಕಿಡ್ನಿಗೆ ಅದು ಇನ್ನಷ್ಟು ಹೊರೆ ಆಗಿರಬಹುದು.

ಬೋರ್ ನೀರಿಗೂ ಒಂದು ತೊಂದರೆ ಇದೆ, ಅದು ಬೇರೆ ಥರದ್ದು. ಅದರ ಪಿಎಚ್ ಸಾಮಾನ್ಯವಾಗಿ ಮೇಲಿರುತ್ತದೆ. ಪಿಎಚ್ 7 ಇರುವಾಗಿನ ಅಮೋನಿಯದಲ್ಲಿ ವಿಷದ ರೂಪ ಎಷ್ಟಿರುತ್ತದೋ, ಪಿಎಚ್ 8ರಲ್ಲಿ ಅದರ ಸುಮಾರು ಹತ್ತು ಪಟ್ಟು ಇರುತ್ತದೆ. ಅಂದರೆ ಬಯಲುಸೀಮೆಯ ನೀರಿನಲ್ಲಿ ಗೋಲ್ಡ್ ಫಿಶ್ ಚೆನ್ನಾಗಿಯೇ ಬದುಕುತ್ತದೆ, ಆದರೆ ಫಿಲ್ಟರ್ ಕೆಟ್ಟರೆ ನಮಗೆ ಸಿಗುವ ಸಮಯ ಕಡಿಮೆ. ಕರೆಂಟ್ ಹೋಗಿ ರಾತ್ರಿಯಿಡೀ ಪಂಪ್ ನಿಂತರೂ ಅಷ್ಟೇ.

ಮೂರು, ಗೂಡಿನ ಹುಳ. ಪ್ರೋಟೀನ್ ತುಂಬಾ ಇದೆ, ಮೀನಿನ ಮೇವಿಗೆ ಬಳಸುತ್ತಾರೆ, ಎಲ್ಲ ನಿಜ. ಆದರೆ ಎಣ್ಣೆ ತೆಗೆಯದ ಒಣಹುಳದಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಕೊಬ್ಬು. ಡಬ್ಬಿಯಲ್ಲಿ ಕೆಲವು ವಾರ ಇಟ್ಟರೆ ಕಮಟು ವಾಸನೆ ಬರುತ್ತದಲ್ಲ, ಆ ಕೊಬ್ಬು ಕೆಟ್ಟಿದೆ ಅಂತ. ಗೋಲ್ಡ್ ಫಿಶ್ ಸೊಪ್ಪುಸದೆ, ಹುಳಹುಪ್ಪಟೆ ಎರಡನ್ನೂ ತಿನ್ನುವ ಜಾತಿ, ಆದರೆ ಇಷ್ಟೊಂದು ಕೊಬ್ಬು ಅದಕ್ಕೆ ಒಗ್ಗದು. ವರ್ಷಗಟ್ಟಲೆ ಇಂಥ ಊಟ ಕೊಟ್ಟರೆ ಲಿವರ್ ಕೆಡುತ್ತದೆ. ಅಪರೂಪಕ್ಕೆ ಒಂದು ಹುಳ ಕೊಟ್ಟರೆ ಏನೂ ಆಗದು.

ಈಗ ‘ನಮ್ಮಿಂದ ತಪ್ಪಾಯಿತಾ’ ಅನ್ನುವುದಕ್ಕೆ ಬರೋಣ. ಚೆನ್ನಾಗಿ ಸಾಕಿದ ಗೋಲ್ಡ್ ಫಿಶ್ ಹತ್ತು ಹದಿನೈದು ವರ್ಷ ಬದುಕಬಲ್ಲದು. 1999ರಲ್ಲಿ ಇಂಗ್ಲೆಂಡಿನಲ್ಲಿ ಸತ್ತ ಒಂದಕ್ಕೆ 43 ವರ್ಷವಾಗಿತ್ತು. ಹಾಗಾಗಿ ಆರು ವರ್ಷ ತುಂಬು ಆಯಸ್ಸು ಅಂತ ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಅಂಗಡಿಯಿಂದ ತಂದ ಗೋಲ್ಡ್ ಫಿಶ್ ಒಂದು ವರ್ಷ ದಾಟದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೀನು ಮಾರುವಾಗ ಯಾರೂ ಇದನ್ನೆಲ್ಲ ಹೇಳಿಕೊಡುವುದಿಲ್ಲ. ಎರಡು ಪೊಟ್ಟಣ ಊಟ ಕೊಟ್ಟು, ‘ವಾರಕ್ಕೊಮ್ಮೆ ತೊಳೀರಿ’ ಅಂತ ಕಳಿಸುತ್ತಾರೆ. ನೀವು ಅವರು ಹೇಳಿದ್ದನ್ನೇ ಮಾಡಿದ್ದೀರಿ.

ಕಂಟಕದ ವಿಷಯ. ಅತ್ತೆಯವರು ಹಾಗೆ ನಂಬಿ ಸಮಾಧಾನ ಪಟ್ಟುಕೊಂಡರೆ ಅದರ ಜೊತೆ ಜಗಳ ಬೇಡ. ಒಂದೇ ಎಚ್ಚರಿಕೆ. ‘ಮೀನು ಕಂಟಕ ತಗೊಂಡು ಹೋಯಿತು’ ಅಂತ ಹೇಳಿ ಅದೇ ನೀರಿಗೆ ಅದೇ ವಾರ ಇನ್ನೊಂದು ಮೀನು ತಂದು ಬಿಡುವವರಿದ್ದಾರೆ. ಅದೂ ಸಾಯುತ್ತದೆ. ಆಮೇಲೆ ಮನೆಯಲ್ಲಿ ನಿಜವಾಗಿಯೂ ಭಯ ಶುರುವಾಗುತ್ತದೆ.

ನೋವಾಗುತ್ತದಾ? 2003ರಲ್ಲಿ ಬ್ರಿಟನ್ನಿನಲ್ಲಿ ಟ್ರೌಟ್ ಮೀನಿನ ಮೇಲೆ ಲಿನ್ ಸ್ನೆಡ್ಡನ್ ಮತ್ತು ಜೊತೆಗಾರರು ಮಾಡಿದ ಕೆಲಸ ಈ ವಿಷಯದಲ್ಲಿ ತುಂಬಾ ಮುಖ್ಯವಾದದ್ದು. ನೋವಿನ ಸಂಕೇತ ಹಿಡಿಯುವ ನರಗಳು ಮೀನಿನ ಮುಖದಲ್ಲಿವೆ ಅಂತ ಅವರು ತೋರಿಸಿದರು. ತುಟಿಗೆ ಉರಿಯುವಂಥದ್ದು ಚುಚ್ಚಿದಾಗ ಮೀನುಗಳು ಊಟ ಬಿಟ್ಟವು, ಜೋರಾಗಿ ಉಸಿರಾಡಿದವು, ತುಟಿಯನ್ನು ಕಲ್ಲಿಗೆ ಉಜ್ಜಿದವು. ಆ ನೋವು ಅದಕ್ಕೆ ಒಳಗೆ ಹೇಗೆ ಅನ್ನಿಸುತ್ತದೆ ಅನ್ನುವ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ನಿಂತಿಲ್ಲ. ಚಿಕಿತ್ಸೆ ಮಾಡುವ ನಾವು ಆ ವಾದ ಮುಗಿಯುವವರೆಗೆ ಕಾಯುವುದಿಲ್ಲ. ನೋವಿದೆ ಅಂತ ಹಿಡಿದೇ ಕೆಲಸ ಮಾಡುತ್ತೇವೆ. ಹಾಗೇ, ಗೋಲ್ಡ್ ಫಿಶ್‌ಗೆ ಮೂರು ಸೆಕೆಂಡಿನ ನೆನಪು ಅನ್ನುವ ಮಾತೂ ಸುಳ್ಳು. ಕಲಿತದ್ದನ್ನು ಅದು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಮಗಳು ಹತ್ತಿರ ಬಂದರೆ ಚಿನ್ನು ಮೇಲೆ ಬರುತ್ತಿತ್ತು ಅಂದರೆ, ಅದಕ್ಕೆ ಅವಳ ಗುರುತು ಇದ್ದಿರಬಹುದು.

ಮುಂದೇನು? ನಿಮ್ಮ ಮುಂದೆ ಮೂರು ದಾರಿಗಳಿವೆ, ಮೂರರಲ್ಲೂ ಕಷ್ಟವಿದೆ.

ಚಿಕಿತ್ಸೆ ಪ್ರಯತ್ನಿಸಿಯೇ ನೋಡುತ್ತೇವೆ ಅನ್ನುವುದಾದರೆ ಮೂರು ನಾಲ್ಕು ದಿನದ ಗಡುವು ಹಾಕಿಕೊಳ್ಳಿ. ಚಿನ್ನುವನ್ನು ಬೇರೆ ಟಬ್ಬಿಗೆ, ಟ್ಯಾಂಕಿನದೇ ನೀರು ಹಾಕಿ, ಬಿಡಿ. ನೀರಿನ ಆಳ ಒಂದು ಗೇಣಿಗಿಂತ ಜಾಸ್ತಿ ಬೇಡ, ಮೇಲೆ ಬಂದು ಉಸಿರಾಡಲು ಅದು ಒದ್ದಾಡಬಾರದು. ಗುಳ್ಳೆ ಬಿಡುವ ಗಾಳಿಯ ಕಲ್ಲು (ಏರ್ ಸ್ಟೋನ್) ಇರಲಿ, ಬೆಳಕು ಕಡಿಮೆ ಇರಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಎಪ್ಸಮ್ ಸಾಲ್ಟ್ 20 ಲೀಟರಿಗೆ ಒಂದು ಟೀ ಚಮಚ ಕರಗಿಸಿ ಹಾಕಿದರೆ ಊತ ಸ್ವಲ್ಪ ಇಳಿಯಬಹುದು. ದಿನಾ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೂ ಅದೇ ಲೆಕ್ಕದಲ್ಲಿ ಸಾಲ್ಟ್ ಹಾಕಿ. ಬಲವಂತವಾಗಿ ಊಟ ಬೇಡ.

ಅಂಗಡಿಯ ಕ್ಯಾಪ್ಸೂಲ್ ಯಾಕೆ ನಾಟಲಿಲ್ಲ ಅಂದರೆ, ಹಾಗೆ ಒಡೆದು ಹಾಕುವವು ಸಾಮಾನ್ಯವಾಗಿ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಅವು ಅದಕ್ಕೇ ಅಂಟಿಕೊಳ್ಳುತ್ತವೆ, ಮೀನಿನ ಮೈಗೆ ಸೇರುವುದು ಅಷ್ಟಕ್ಕಷ್ಟೆ. ನಮ್ಮ ಬೋರ್ ನೀರಿನಲ್ಲಂತೂ ದುಡ್ಡು ದಂಡ. ಆರ್‌ಒ ನೀರಿನಲ್ಲಿ ಸ್ವಲ್ಪ ಸೇರಿರಬಹುದು, ಆದರೆ ಹುರುಪೆ ಎದ್ದ ಮೇಲೆ ಅಷ್ಟು ಸಾಲದು. ಜೊತೆಗೆ ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಕೊಡುತ್ತದೆ. ಆಂಟಿಬಯೋಟಿಕ್ ಸರಿಯಾಗಿ ಹೋಗಬೇಕಾದರೆ ಊಟದಲ್ಲಿ ಅಥವಾ ಇಂಜೆಕ್ಷನ್ನಿನಲ್ಲಿ ಹೋಗಬೇಕು. ಚಿನ್ನು ತಿನ್ನುತ್ತಿಲ್ಲ. ಇಂಜೆಕ್ಷನ್ ಕೊಡಲು, ಹೊಟ್ಟೆಯ ನೀರು ತೆಗೆಯಲು ಮೀನು ಗೊತ್ತಿರುವ ಪಶುವೈದ್ಯರು ಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರು ಹಸು, ಕುರಿ ನೋಡುವುದೇ ಜಾಸ್ತಿ. ಆದರೂ ಒಮ್ಮೆ ಕೇಳಿ. ಬೆಂಗಳೂರಿಗೆ ಹೋಗುವುದಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮ್ಮ ದಾರಿಯ ಕಡೆಗೇ ಇದೆ, ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರವಿದೆ. ಮೊದಲು ಫೋನ್ ಮಾಡಿ. ಈ ಸ್ಥಿತಿಯ ಮೀನನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವುದನ್ನು ನಾನು ಹೇಳುವುದಿಲ್ಲ.

ಎರಡನೇ ದಾರಿ, ಅದೇ ಟಬ್ಬಿನಲ್ಲಿ ನೆಮ್ಮದಿಯಾಗಿಟ್ಟು ತಾನಾಗಿ ಹೋಗಲಿ ಅಂತ ಬಿಡುವುದು. ಬಹಳ ಮನೆಗಳು ಇದನ್ನೇ ಆರಿಸಿಕೊಳ್ಳುತ್ತವೆ. ಕೈಯಾರೆ ಏನೂ ಮಾಡಲಿಲ್ಲ ಅನ್ನುವ ಸಮಾಧಾನ ಇದರಲ್ಲಿದೆ. ಆದರೆ ಗೋಲ್ಡ್ ಫಿಶ್ ತುಂಬಾ ಗಟ್ಟಿ ಜೀವ. ಆಮ್ಲಜನಕ ಕಡಿಮೆಯಾದರೂ, ಚಳಿಯಾದರೂ ಬೇಗ ಸೋಲುವುದಿಲ್ಲ. ನಾಳೆ ಹೋಗುತ್ತದೆ ಅಂದುಕೊಂಡದ್ದು ವಾರ ಎಳೆಯಬಹುದು.

ಮೂರನೆಯದು ನೀವು ಕೇಳಲು ಹಿಂಜರಿದು ಕೇಳಿದ್ದು. ಪಾಪ ಪುಣ್ಯದ ತೀರ್ಮಾನ ನನ್ನ ಕೆಲಸವಲ್ಲ. ಮೀನಿನ ಸ್ಥಿತಿ ನೋಡಿ ನಾನು ಹೇಳುವುದಿಷ್ಟು. ತಿನ್ನುತ್ತಿದೆಯಾ, ನೆಟ್ಟಗೆ ನಿಲ್ಲುತ್ತಿದೆಯಾ, ನೀವು ಹತ್ತಿರ ಹೋದರೆ ತಿರುಗುತ್ತಿದೆಯಾ? ಈ ಮೂರಕ್ಕೂ ‘ಇಲ್ಲ’ ಅಂತಾದರೆ, ಎರಡು ದಿನ ನೋಡಿದ ಮೇಲೂ ‘ಇಲ್ಲ’ವೇ ಆದರೆ, ನಾನಾಗಿದ್ದರೆ ಕಾಯುವುದಿಲ್ಲ. ನಿಮ್ಮ ಪತ್ರದಂತೆ ಎರಡಕ್ಕೆ ಆಗಲೇ ‘ಇಲ್ಲ’ ಬಂದಿದೆ.

ಹೇಗೆ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಫ್ರೀಜರ್ ಬೇಡ. ತಣ್ಣಗಾದರೆ ನಿದ್ದೆ ಬರುತ್ತದೆ ಅನ್ನುವುದು ನಮ್ಮ ಊಹೆ. ಗೋಲ್ಡ್ ಫಿಶ್ ಮಂಜುಗಟ್ಟಿದ ಕೊಳದ ಕೆಳಗೂ ಚಳಿಗಾಲ ಕಳೆಯುವ ಮೀನು, ಫ್ರೀಜರಿನಲ್ಲಿ ಅದರ ಸಾವು ನಿಧಾನ. ಟಾಯ್ಲೆಟ್ಟಿಗೆ ಹಾಕಿದರೆ ಅದು ಕೊಳಚೆಯಲ್ಲಿ ಬದುಕಿದ್ದೇ ಒದ್ದಾಡುತ್ತದೆ. ಬಿಸಿನೀರು, ನೆಲದ ಮೇಲೆ ಬಿಡುವುದು, ಬ್ಲೀಚಿಂಗ್ ಪೌಡರ್, ಯಾವುದೂ ಬೇಡ.

ಕೆರೆಯ ಬಗ್ಗೆ ಅತ್ತೆಯವರಿಗೆ ನನ್ನ ಪರವಾಗಿ ಹೀಗೆ ಹೇಳಿ. ಈಜಲಾರದ ಮೀನನ್ನು ಕೆರೆಗೆ ಬಿಟ್ಟರೆ ಅದನ್ನು ಕೊಕ್ಕರೆಯೋ ದೊಡ್ಡ ಮೀನೋ ಜೀವಂತ ಕಿತ್ತು ತಿನ್ನುತ್ತದೆ. ಬಿಟ್ಟುಬಂದ ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ ಅಷ್ಟೇ. ಇನ್ನೊಂದು, ಗೋಲ್ಡ್ ಫಿಶ್ ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯ ನೆಂಟ. ಒಂದರ ರೋಗ, ಮೀನಿನ ಹೇನು ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ. ವರ್ಷಗಟ್ಟಲೆ ಒಣಗಿದ್ದ ಚಿಕ್ಕಬಳ್ಳಾಪುರದ ಕಡೆಯ ಎಷ್ಟೋ ಕೆರೆಗಳಿಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ, ಮೀನು ಬಿಟ್ಟು ಜೀವನ ಮಾಡುವವರಿದ್ದಾರೆ. ಅವರ ಹೊಟ್ಟೆಪಾಡಿಗೆ ತೊಂದರೆ ಆಗಬಾರದು ಅಲ್ವಾ. ಆರೋಗ್ಯವಾಗಿರುವ ಅಕ್ವೇರಿಯಂ ಮೀನನ್ನೂ ಕೆರೆಗೆ ಬಿಡಬಾರದು, ಟ್ಯಾಂಕಿನ ಗಾಜು ಶುಚಿ ಮಾಡಲೆಂದು ಮಾರುವ ಸಕ್ಕರ್ ಮೀನನ್ನಂತೂ ಬಿಡಲೇಬಾರದು.

ಸರಿಯಾದ ವಿಧಾನ ಅರಿವಳಿಕೆ. ಪಶುವೈದ್ಯರು ಮಾಡಿಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ಮನೆಯಲ್ಲಿ ದೊಡ್ಡವರು ಮಾಡಬಹುದಾದದ್ದು ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ. ಹಲ್ಲುನೋವಿಗೆ ಮಾರುವ ಮಿಶ್ರಣ ಆಗದು, ಶುದ್ಧ ಲವಂಗದ ಎಣ್ಣೆ ಅಂತ ಬರೆದಿರುವುದೇ ಬೇಕು.

ಒಂದು ಟಬ್ಬಿನಲ್ಲಿ ಅಳತೆ ಮಾಡಿ ಟ್ಯಾಂಕಿನದೇ ನೀರು ತೆಗೆದುಕೊಳ್ಳಿ, ಮೀನು ಪೂರ್ತಿ ಮುಳುಗುವಷ್ಟು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಅದಕ್ಕೆ ಚಿಕ್ಕ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಎಣ್ಣೆಯ ಹನಿ ಬಿಟ್ಟು, ಹಾಲಿನಂತೆ ಬೆಳ್ಳಗಾಗುವವರೆಗೆ ಚೆನ್ನಾಗಿ ಕುಲುಕಿ. ಮೊದಲು ಲೀಟರಿಗೆ ಒಂದು ಹನಿಯ ಲೆಕ್ಕದಲ್ಲಿ ಮಾತ್ರ, ಸ್ವಲ್ಪ ಸ್ವಲ್ಪವಾಗಿ ಟಬ್ಬಿಗೆ ಸೇರಿಸಿ. ಕೆಲವು ನಿಮಿಷದಲ್ಲಿ ಚಿನ್ನು ಮಂಪರಾಗುತ್ತದೆ. ಮುಟ್ಟಿದರೂ ಅಲುಗದ ಮೇಲೆ ಲೀಟರಿಗೆ ಹತ್ತು ಹನಿಗಿಂತ ಕಡಿಮೆಯಿಲ್ಲದಂತೆ ಅದೇ ರೀತಿ ಕುಲುಕಿ ಸೇರಿಸಿ. ಈ ಎರಡು ಹಂತ ಬಿಡಬೇಡಿ. ಒಂದೇ ಸಲಕ್ಕೆ ಜಾಸ್ತಿ ಹಾಕಿದರೆ ಉರಿಗೆ ಮೀನು ಒದ್ದಾಡುತ್ತದೆ. ಕಿವಿರಿನ ಮುಚ್ಚಳ ಆಡುವುದು ನಿಂತ ಮೇಲೂ ತಕ್ಷಣ ತೆಗೆಯಬೇಡಿ. ನಿಂತಂತೆ ಕಂಡು, ಬೇರೆ ನೀರಿಗೆ ಬಿಟ್ಟರೆ ಮತ್ತೆ ಉಸಿರಾಡಿದ ಗೋಲ್ಡ್ ಫಿಶ್‌ಗಳಿವೆ. ಪೂರ್ತಿ ಒಂದು ಗಂಟೆ ಅದೇ ನೀರಿನಲ್ಲಿರಲಿ. ಮಧ್ಯೆ ಕಿವಿರು ಮತ್ತೆ ಅಲುಗಿದರೆ ಇನ್ನಷ್ಟು ಎಣ್ಣೆ ಸೇರಿಸಿ, ಗಂಟೆಯನ್ನು ಮತ್ತೆ ಮೊದಲಿನಿಂದ ಎಣಿಸಿ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಬಾಟಲಿಯನ್ನು ಮಗನ ಕೈಗೆ ಸಿಗದ ಕಡೆ ಇಡಿ, ಮಕ್ಕಳು ಕುಡಿದರೆ ಅದು ಅಪಾಯ. ಆ ಟಬ್ಬಿನ ನೀರು ಯಾವ ಕಾರಣಕ್ಕೂ ಟ್ಯಾಂಕಿಗೆ ಸೇರಬಾರದು.

ಆಮೇಲೆ ಹಿತ್ತಿಲಲ್ಲಿ ಒಂದೂವರೆ ಅಡಿ ಆಳಕ್ಕೆ ಹೂಳಿ, ಮೇಲೊಂದು ಕಲ್ಲು ಇಡಿ. ಇಲ್ಲದಿದ್ದರೆ ನಾಯಿ ಕೆದಕುತ್ತದೆ. ಬೆಕ್ಕಿಗೆ, ಕೋಳಿಗೆ ಹಾಕಬೇಡಿ.

ಇನ್ನು ಮಕ್ಕಳು. ನನಗೆ ಬರುವ ಪ್ರಶ್ನೆಗಳಲ್ಲಿ ಔಷಧಿಯ ಬಗ್ಗೆ ಕೇಳುವವರೇ ಹೆಚ್ಚು, ಮಕ್ಕಳ ಬಗ್ಗೆ ಕೇಳುವವರು ಕಡಿಮೆ. ನೀವು ಕೇಳಿದ್ದು ಒಳ್ಳೆಯದಾಯಿತು.

ರಾತ್ರೋರಾತ್ರಿ ಅದೇ ಬಣ್ಣದ ಮೀನು ತಂದು ಬಿಡುವ ಯೋಚನೆ ಯಾರಾದರೂ ಕೊಟ್ಟರೆ ಕೇಳಬೇಡಿ. ಒಂಬತ್ತು ವರ್ಷದ ಹುಡುಗಿ ಬಾಲದ ಮಚ್ಚೆ ನೋಡಿಯೇ ಕಂಡುಹಿಡಿಯುತ್ತಾಳೆ. ಆಮೇಲೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ನಿಮ್ಮ ಮಾತು ನಂಬುವುದು ಕಷ್ಟ. ಮಗನಿಗೆ ‘ಚಿನ್ನು ಮಲಗಿದೆ’, ‘ಊರಿಗೆ ಹೋಗಿದೆ’ ಅನ್ನಬೇಡಿ. ಐದು ವರ್ಷದ ಮಗು ಅದನ್ನು ಹಾಗೇ ತೆಗೆದುಕೊಳ್ಳುತ್ತದೆ. ಮಲಗಲು ಹೆದರುತ್ತದೆ, ಅಪ್ಪ ಊರಿಗೆ ಹೊರಟರೆ ಅಳುತ್ತದೆ. ‘ಚಿನ್ನು ಸತ್ತುಹೋಯಿತು. ಅದರ ಮೈ ಕೆಲಸ ಮಾಡುವುದು ನಿಂತಿತು. ಇನ್ನು ಅದು ಈಜುವುದಿಲ್ಲ, ತಿನ್ನುವುದಿಲ್ಲ, ಅದಕ್ಕೆ ನೋವೂ ಇಲ್ಲ.’ ಇಷ್ಟು ಸಾಕು. ಅವನು ನಾಳೆ ಮತ್ತೆ ‘ಯಾವಾಗ ಬರುತ್ತೆ’ ಅಂತ ಕೇಳುತ್ತಾನೆ. ಮತ್ತೆ ಅದನ್ನೇ ಹೇಳಿ. ಐದು ನಿಮಿಷಕ್ಕೆ ಆಟ ಆಡಲು ಓಡಿಹೋದರೆ ಅವನಿಗೆ ಬೇಜಾರಿಲ್ಲ ಅಂತ ಅಲ್ಲ, ಆ ವಯಸ್ಸೇ ಹಾಗೆ.

ಮಗಳಿಗೆ ಮುಂಚೆಯೇ ಹೇಳಿ. ‘ಚಿನ್ನುವಿನ ಕಿಡ್ನಿ ಕೆಟ್ಟಿದೆ, ಸರಿಯಾಗಲ್ಲ ಅಂತ ಡಾಕ್ಟ್ರು ಹೇಳಿದರು’ ಅಂತ. ಅರಿವಳಿಕೆ ಕೊಡುವ ತೀರ್ಮಾನ ಮಾಡಿದರೆ ಅದನ್ನೂ ಮುಚ್ಚಿಡಬೇಡಿ. ಆದರೆ ಆ ತೀರ್ಮಾನ ಅವಳ ತಲೆಗೆ ಕಟ್ಟಬೇಡಿ. ‘ನೀನು ಹೇಳು, ಮಾಡೋಣವಾ’ ಅಂತ ಕೇಳುವುದು ಮಗುವಿಗೆ ಭಾರ. ತೀರ್ಮಾನ ನಿಮ್ಮಿಬ್ಬರದು. ಅವಳಿಗೆ ಬಿಡಬೇಕಾದದ್ದು ಬೇರೆ. ಕೊನೆಗೆ ನೋಡಬೇಕಾ ಬೇಡವಾ, ಎಲ್ಲಿ ಹೂಳಬೇಕು, ಹೂವು ಯಾವುದು ಇಡಬೇಕು, ಇದನ್ನೆಲ್ಲ ಅವಳೇ ಹೇಳಲಿ. ಹಿಂದಿನ ಸಂಜೆ ಟಬ್ಬಿನ ಪಕ್ಕ ಕೂತು ಮಾತಾಡಲಿ. ಗಾಜಿಗೆ ತಟ್ಟುವುದು, ಕೈ ಹಾಕಿ ಎತ್ತುವುದು ಬೇಡ ಅಂತ ಮಾತ್ರ ಹೇಳಿ. ಮರುದಿನ ಸ್ಕೂಲಿಗೆ ಹೋಗಲ್ಲ ಅಂದರೆ ಒಂದು ದಿನ ಬಿಟ್ಟರೂ ಪರವಾಗಿಲ್ಲ. ‘ಒಂದು ಮೀನಿಗೆ ಇಷ್ಟೊಂದಾ’ ಅನ್ನುವ ನೆಂಟರನ್ನು ಆ ದಿನ ಸ್ವಲ್ಪ ದೂರ ಇಡಿ.

ಅವಳ ಹುಳದ ಪ್ರಶ್ನೆಯನ್ನು ನಾನು ಎರಡು ಸಲ ಓದಿದೆ. ಗೂಡು ಬೇಯಿಸಿ ನೂಲು ಬಿಚ್ಚುವ ಮನೆಯ ಮಗು ಕೇಳಿದ ಪ್ರಶ್ನೆ. ಗದರಿಸಿ ಸುಮ್ಮನಾಗಿಸಬೇಡಿ, ಹುಳಕ್ಕೆ ಏನೂ ಆಗಲ್ಲ ಅಂತಲೂ ಹೇಳಬೇಡಿ. ಕೀಟಗಳ ನೋವಿನ ಬಗ್ಗೆ ಮೀನಿನ ವಿಷಯದಲ್ಲಿರುವಷ್ಟು ಪುರಾವೆ ಇಲ್ಲ, ಆದರೆ ನೋವೇ ಇಲ್ಲ ಅಂತ ಖಡಾಖಂಡಿತವಾಗಿ ಹೇಳಲೂ ಆಗದು. ಅವಳಿಗೆ ಅದನ್ನೇ ಹೇಳಿ: ‘ವಿಜ್ಞಾನಿಗಳೇ ಇನ್ನೂ ಹುಡುಕುತ್ತಿದ್ದಾರೆ. ಗೂಡು ಬೇಯಿಸಿದರೆ ಹುಳ ಸಾಯುತ್ತೆ, ಅದು ನಿಜ. ಅದರಿಂದಲೇ ನಮ್ಮ ಮನೆ ನಡೆಯುತ್ತೆ, ಅದೂ ನಿಜ.’ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಶಕ್ತಿ ಆ ವಯಸ್ಸಿಗೆ ಇರುತ್ತದೆ. ಗೂಡಿನಿಂದ ಚಿಟ್ಟೆ ಹೊರಬಂದ ಮೇಲೆ ನೂಲು ತೆಗೆಯುವ ವಿಧಾನವೂ ಇದೆ, ಅದರಲ್ಲಿ ಎಳೆ ತುಂಡಾಗುತ್ತದೆ, ನೂಲು ಬೇರೆ ಥರ ಬರುತ್ತದೆ ಅಂತ ಅವರಪ್ಪನೇ ಕೂರಿಸಿ ಹೇಳಬಹುದು. ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೊನೆಗೆ ಆ ಚಿಕ್ಕ ಮೀನು. ಡ್ರಾಪ್ಸಿ ತಾನಾಗಿ ಅಂಟುರೋಗವಲ್ಲ. ಆದರೆ ನೀರು, ಊಟ ಎರಡೂ ಒಂದೇ ಆಗಿದ್ದವು, ಹಾಗಾಗಿ ಒಂದು ತಿಂಗಳು ಕಣ್ಣಿಟ್ಟಿರಿ. ಜೊತೆಗಾರನಿಲ್ಲದೆ ಮೂಲೆಯಲ್ಲಿ ನಿಂತರೆ ಗಾಬರಿ ಬೇಡ, ಗೋಲ್ಡ್ ಫಿಶ್ ಗುಂಪಿನ ಮೀನು, ಒಂಟಿಯಾದಾಗ ಕೆಲವು ದಿನ ನಡವಳಿಕೆ ಬದಲಾಗಬಹುದು. ಆದರೆ ಅದನ್ನು ನೋಡಲಾಗದೆ ತಕ್ಷಣ ಹೊಸ ಮೀನು ತರಬೇಡಿ.

ಒಂದು ಮಾತು ಗಟ್ಟಿಯಾಗಿ ನೆನಪಿರಲಿ. ಇದನ್ನು ಓದಿ ಇವತ್ತೇ ಕ್ಯಾನ್ ನೀರನ್ನೆಲ್ಲ ಚೆಲ್ಲಿ ಬೋರ್ ನೀರು ತುಂಬಿಸಬೇಡಿ. ಆರ್‌ಒ ನೀರಿನ ಪಿಎಚ್ ಇಷ್ಟು ಹೊತ್ತಿಗೆ ಇಳಿದಿರುತ್ತದೆ. ಆ ನೀರಿನಲ್ಲಿ ಅಮೋನಿಯ ಇದ್ದರೂ ಅಷ್ಟಾಗಿ ಕಾಡುತ್ತಿರುವುದಿಲ್ಲ. ಒಮ್ಮೆಲೇ ಬೋರ್ ನೀರು ಬಿದ್ದರೆ ಪಿಎಚ್ ಏರಿ ಅದೇ ಅಮೋನಿಯ ವಿಷವಾಗಿ ತಿರುಗುತ್ತದೆ, ಚಿಕ್ಕ ಮೀನೂ ಹೋಗುತ್ತದೆ. ಬೋರ್ ನೀರನ್ನು ಬಕೆಟ್ಟಿನಲ್ಲಿ ತುಂಬಿ ಒಂದು ದಿನ ಗಾಳಿಯ ಕಲ್ಲು ಹಾಕಿಡಿ. ಆಳದ ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಬೇರೆ ಅನಿಲ ಸೇರಿರುತ್ತದೆ, ಅದೆಲ್ಲ ಸರಿಹೋಗಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲೂ ಅಷ್ಟೇ ಹೊತ್ತು ಬೇಕು. ಆಮೇಲೆ ದಿನಕ್ಕೆ ಟ್ಯಾಂಕಿನ ಹತ್ತರಲ್ಲಿ ಒಂದು ಭಾಗ ಮಾತ್ರ ಬದಲಿಸುತ್ತ ಎರಡು ವಾರದಲ್ಲಿ ದಾಟಿಸಿ. ಅಮೋನಿಯ ನೋಡುವ ಹನಿ ಟೆಸ್ಟ್ ಕಿಟ್ ಒಂದು ತರಿಸಿಕೊಳ್ಳಿ, ಸೊನ್ನೆಗಿಂತ ಮೇಲೆ ತೋರಿಸಿದರೆ ಊಟ ಕಡಿಮೆ ಮಾಡಿ. ಸ್ಪಂಜನ್ನು ಇನ್ನು ಮೇಲೆ ನಲ್ಲಿಗೆ ಹಿಡಿಯಬೇಡಿ, ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ ವಾಪಸ್ ಇಡಿ. ಪೂರ್ತಿ ದಾಟಿದ ಮೇಲೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಹುಳ ನಿಲ್ಲಿಸಿ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಪಾಲಕ್ ಚೂರು ಕೊಡಿ.

ಅಮೋನಿಯ ಮತ್ತು ನೈಟ್ರೈಟ್ ಎರಡೂ ಸತತ ಮೂರು ವಾರ ಸೊನ್ನೆ ಬಂದರೆ, ಮಕ್ಕಳು ತಾವಾಗಿ ಕೇಳಿದರೆ, ಆಗ ಇನ್ನೊಂದು ಮೀನಿನ ಮಾತು. ಎರಡು ಅಡಿ ಟ್ಯಾಂಕಿಗೆ ಒಟ್ಟು ಎರಡು ಗೋಲ್ಡ್ ಫಿಶ್ ಮಾತ್ರ, ಅದಕ್ಕಿಂತ ಜಾಸ್ತಿ ಬೇಡ.